ಹಳೇ ವೈನ್ ಮಾಗಿದೆಯೋ, ಮುಗಿದೇ ಹೋಗಿದೆಯೋ?

ಪ್ರಶ್ನೆ: ಗೆಳೆಯರೊಬ್ಬರು ಫ್ರಾನ್ಸಿನ ಬೋರ್ಡೋ ಪ್ರದೇಶದ ಒಂದೇ ತೋಟದ ಐದು ಕೆಂಪು ವೈನ್‌ಗಳನ್ನು ಒಂದೇ ಸಂಜೆ ತೆರೆದಿದ್ದರು. ವಯಸ್ಸು 4, 9, 15, 24 ಮತ್ತು 35 ವರ್ಷ. ಎಳೆಯದರಿಂದ ಶುರು ಮಾಡಿ ಹಳೆಯದರ ಕಡೆಗೆ ಹೋದೆವು. 4 ವರ್ಷದ್ದು ಬಾಯೆಲ್ಲ ಒಣಗಿಸಿತು. 9 ವರ್ಷದ್ದರಲ್ಲಿ ಹೇಳಿಕೊಳ್ಳುವಂಥ ಪರಿಮಳವೇ ಇರಲಿಲ್ಲ. 15 ವರ್ಷದ್ದು ನನಗೆ ತುಂಬಾ ಹಿಡಿಸಿತು, 24ರದ್ದೂ ಪರವಾಗಿಲ್ಲ. ಕೊನೆಯದು ತೆಳ್ಳಗೆ, ಹುಳಿ ಹುಳಿ ಅನ್ನಿಸಿತು. ಆದರೆ ಪಕ್ಕದಲ್ಲಿ ಕೂತಿದ್ದವರು ಅದನ್ನೇ ಹಾಡಿ ಹೊಗಳಿದರು. ನನ್ನ ನಾಲಗೆಯೇ ಸರಿ ಇಲ್ವಾ? ಬೇರೆ ಬೇರೆ ವಯಸ್ಸಿನ ವೈನನ್ನು ಅಳೆಯುವುದು ಹೇಗೆ?

ಉತ್ತರ: ನಿಮ್ಮ ನಾಲಗೆಗೆ ಏನೂ ಆಗಿಲ್ಲ. ಬಾಯಿ ಒಣಗಿತು, ಪರಿಮಳ ಬರಲಿಲ್ಲ, ತೆಳ್ಳಗಿತ್ತು, ಹುಳಿಯಿತ್ತು. ನಾಲ್ಕನ್ನೂ ಸರಿಯಾಗಿಯೇ ಗುರುತಿಸಿದ್ದೀರಿ. ಎಡವಿದ್ದು ಆಮೇಲೆ. ಐದೂ ವೈನನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿಬಿಟ್ಟಿದ್ದೀರಿ. 4 ವರ್ಷದ ಬೋರ್ಡೋ ಬಾಯಿ ಒಣಗಿಸಿದರೆ ಅದು ಆ ವಯಸ್ಸಿನ ಗುಣ. 35 ವರ್ಷದ್ದು ಅಷ್ಟೇ ಒಣಗಿಸಿದರೆ ಎಲ್ಲೋ ಲೆಕ್ಕ ತಪ್ಪಿದೆ. ಎಳೆಯ ವೈನ್ ಕೈಗೆ ಬಂದಾಗ ಇದರ ಹತ್ತಿರ ಏನೇನಿದೆ ಅಂತ ನೋಡಬೇಕು. ಹಳೆಯದು ಬಂದಾಗ ಏನು ಉಳಿದಿದೆ, ಉಳಿದದ್ದು ಒಂದಕ್ಕೊಂದು ಹೊಂದಿಕೊಂಡಿದೆಯಾ ಅಂತ ನೋಡಬೇಕು.

ಅದೂ ಅಲ್ಲದೆ, ನೀವು ಕುಡಿದ ಕ್ರಮವೇ ಆ ಹಳೇ ವೈನಿಗೆ ಮೋಸ ಮಾಡಿದೆ ಅಂತ ನನ್ನ ಅನುಮಾನ. ಟ್ಯಾನಿನ್ ಅಂದರೆ ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕ್ ಮರದ ಪೀಪಾಯಿಯಿಂದ ಬರುವ ಒಗರು. ಅದು ಜೊಲ್ಲಿನಲ್ಲಿರುವ ಪ್ರೊಟೀನಿಗೆ ಅಂಟಿಕೊಂಡು ಜೊಲ್ಲಿನ ಜಾರುಗುಣವನ್ನೇ ತೆಗೆದುಬಿಡುತ್ತದೆ. ಹಾಲಿಲ್ಲದ ಕಡು ಟೀ ಕುಡಿದಾಗ ನಾಲಗೆ ಅಂಗುಳಕ್ಕೆ ಉಜ್ಜಿದ ಹಾಗೆ ಆಗುತ್ತದಲ್ಲ, ಅದೇ ಇದು. ತೊಂದರೆ ಏನೆಂದರೆ ಇದು ಗುಟುಕಿನಿಂದ ಗುಟುಕಿಗೆ ಏರುತ್ತಾ ಹೋಗುತ್ತದೆ. ಐದನೇ ಗ್ಲಾಸಿಗೆ ಬರುವ ಹೊತ್ತಿಗೆ ನಿಮ್ಮ ಬಾಯಿ ಮೊದಲೇ ಒಣಗಿತ್ತು. ಅಂಥ ಬಾಯಿಗೆ ನಾಜೂಕಾದ ವೈನ್ ಬಿದ್ದರೆ ಹುಳಿ ಒಂದು ಬಿಟ್ಟು ಇನ್ನೇನೂ ಸಿಗುವುದಿಲ್ಲ.

ನಾನು ಹೀಗೆ ಮಾಡುತ್ತೇನೆ. ಮೊದಲು ಒಂದು ತೊಟ್ಟೂ ಕುಡಿಯದೆ ಐದೂ ಗ್ಲಾಸನ್ನು ಬರೀ ಮೂಸುತ್ತೇನೆ, ಹಳೆಯದರಿಂದ ಎಳೆಯದರ ಕಡೆಗೆ. ಆಮೇಲೆ ಅದೇ ಕ್ರಮದಲ್ಲಿ ಒಂದೊಂದು ಗುಟುಕು, ನಡುನಡುವೆ ನೀರು. ನುಂಗುವುದಿಲ್ಲ, ಉಗುಳುತ್ತೇನೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಸುತ್ತು. ಎಳೆಯದರಿಂದ ಹಳೆಯದಕ್ಕೆ ಹೋಗುವುದೇ ಸರಿ ಎನ್ನುವ ಅನುಭವಿಗಳೂ ಇದ್ದಾರೆ. ಹಳೆಯದರ ಸೂಕ್ಷ್ಮ ನೋಡಿದ ಮೇಲೆ ಎಳೆಯದು ಒರಟು ಅನ್ನಿಸುತ್ತದೆ ಅನ್ನುವುದು ಅವರ ವಾದ. ಸುಳ್ಳಲ್ಲ. ಆದರೆ ಎಳೆಯದು ಒಂದಿಷ್ಟು ಅನ್ಯಾಯವನ್ನು ತಡೆದುಕೊಳ್ಳುತ್ತದೆ, ಹಳೆಯದಕ್ಕೆ ಆ ಶಕ್ತಿ ಇರುವುದಿಲ್ಲ. ಕುಡಿಯಲು ತಡಮಾಡಿದಷ್ಟೂ ಗ್ಲಾಸಿನಲ್ಲೇ ಸೊರಗುತ್ತದೆ.

ಈಗ ಆ ಹುಳಿಯ ವಿಷಯ. ಎಳೆಯ ಕೆಂಪು ವೈನಿನಲ್ಲಿ ಮುಖ್ಯವಾಗಿ ಮೂರು ಇರುತ್ತವೆ: ಹಣ್ಣು, ಒಗರು, ಹುಳಿ. ಬಾಟಲಿಯಲ್ಲಿ ವರ್ಷ ಕಳೆದಂತೆ ಹಣ್ಣಿನ ತಾಜಾತನ ಇಳಿಯುತ್ತದೆ. ಟ್ಯಾನಿನ್ ಮತ್ತು ಬಣ್ಣ ಕೊಡುವ ಆಂಥೋಸಯನಿನ್ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅದರಲ್ಲಿ ಒಂದು ಪಾಲು ಗಸಿಯಾಗಿ ತಳಕ್ಕಿಳಿಯುತ್ತದೆ, ಒಗರು ಮೆತ್ತಗಾಗುತ್ತದೆ. ಹುಳಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಕೆರೆಯಲ್ಲಿ ನೀರು ಇಳಿದಾಗ ಕಲ್ಲುಗಳು ಎದ್ದು ಕಾಣುತ್ತವೆ. ಕಲ್ಲು ಬೆಳೆದಿದೆ ಅಂತ ಅಲ್ಲ. ಹಾಗಾಗಿ 35 ವರ್ಷದ ವೈನಿನಲ್ಲಿ ಹುಳಿ ಕಂಡಿತು ಅನ್ನುವುದೊಂದೇ ದೂರಾಗುವುದಿಲ್ಲ. ಆ ಹುಳಿಯ ಸುತ್ತ ಇನ್ನೂ ಎಷ್ಟು ನೀರಿದೆ ಅನ್ನುವುದೇ ಪ್ರಶ್ನೆ.

ಈ ಮೂರೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಎಲ್ಲ ಆಟ ಇರುವುದು ಇಲ್ಲೇ. ಬೋರ್ಡೋದ 1975ರ ವೈನ್‌ಗಳು ಎಳೆಯದರಲ್ಲಿ ಭಾರೀ ಒಗರಾಗಿದ್ದವು. ಇಷ್ಟು ಟ್ಯಾನಿನ್ ಇದ್ದ ಮೇಲೆ ಆಯುಸ್ಸೂ ಗಟ್ಟಿ ಅಂತ ಜನ ಕೂಡಿಟ್ಟರು. ಬಹಳಷ್ಟು ತೋಟಗಳಲ್ಲಿ ಒಗರು ಕರಗುವ ಮೊದಲೇ ಹಣ್ಣು ಖಾಲಿಯಾಯಿತು. 1982ರದ್ದು ಇದಕ್ಕೆ ಪೂರಾ ಉಲ್ಟಾ. ಹುಟ್ಟುವಾಗಲೇ ಎಷ್ಟು ಮೃದು, ಎಷ್ಟು ಹಣ್ಣು ಅಂದರೆ, ಇದು ಬಾಳುವುದಿಲ್ಲ ಅಂತ ಆಗಿನ ಕೆಲವು ವಿಮರ್ಶಕರು ಬರೆದೇಬಿಟ್ಟರು. ಒಳ್ಳೆಯ ತೋಟಗಳ 1982 ನಲವತ್ತು ದಾಟಿಯೂ ನಿಂತಿದೆ. ಆದ್ದರಿಂದ ಎಳೆಯ ವೈನಿನಲ್ಲಿ ಒಗರು ಜಾಸ್ತಿ ಇದೆ ಅಂದಕೂಡಲೇ ಇದು ಬಾಳುತ್ತದೆ ಅಂತ ಷರಾ ಬರೆಯಬೇಡಿ. ಒಗರಿನ ಹಿಂದೆ ಅಷ್ಟೇ ಗಟ್ಟಿಯಾದ ಹಣ್ಣಿದೆಯಾ ನೋಡಿ.

ಅದನ್ನು ನೋಡುವುದು ಬಾಯಲ್ಲೇ. ಒಂದು ಗುಟುಕು ತೆಗೆದುಕೊಂಡು ಹತ್ತು ಸೆಕೆಂಡು ಬಾಯಲ್ಲಿ ಆಡಿಸಿ, ಒಸಡಿಗೂ ತಾಗಲಿ. ಉಗುಳಿದ ಮೇಲೆ ನಾಲಗೆಯಿಂದ ಮೇಲಿನ ಒಸಡನ್ನು ಸವರಿ. ಒಗರಿನಲ್ಲೂ ಜಾತಿಗಳಿವೆ. ನುಣುಪಾದ ಪುಡಿಯಂತೆ ಹರಡಿಕೊಂಡಿದ್ದರೆ ಅದು ಮಾಗಿದ ದ್ರಾಕ್ಷಿಯ ಟ್ಯಾನಿನ್. ಮರಳಿನ ಹಾಗೆ ಚುಚ್ಚಿ, ಜೊತೆಗೆ ಹಸಿ ಕಾಂಡ ಜಗಿದ ಕಹಿ ಬಂದರೆ ದ್ರಾಕ್ಷಿ ಪೂರ್ತಿ ಮಾಗಿರಲಿಲ್ಲ. ಅದು ಇಪ್ಪತ್ತು ವರ್ಷ ಇಟ್ಟರೂ ಸುಧಾರಿಸುವುದು ಕಷ್ಟ. ಆಮೇಲೆ ಸುಮ್ನೆ ಕಾಯಿರಿ. ಒಗರು ಇಳಿದಂತೆ ಹಣ್ಣಿನ ರುಚಿ ಮತ್ತೆ ಮೇಲೆದ್ದು ಬಂದರೆ ಆ ವೈನಿಗೆ ಭವಿಷ್ಯ ಇದೆ. ಬರೀ ಒಗರೇ ಕೊನೆಯವರೆಗೆ ಉಳಿದರೆ ಅದು ಇನ್ನೊಂದು 1975. ನಿಮ್ಮ 4 ವರ್ಷದ ಗ್ಲಾಸಿನಲ್ಲಿ ಯಾವುದು ಉಳಿಯಿತು ಅಂತ ನೀವು ಬರೆದಿಲ್ಲ. ನನಗೆ ಅದೇ ಬೇಕಿತ್ತು.

ಕಣ್ಣಿನ ಕೆಲಸ ಕಡಿಮೆ. ಬಿಳಿ ಕಾಗದದ ಮೇಲೆ ಗ್ಲಾಸನ್ನು ಓರೆ ಮಾಡಿ ಅಂಚನ್ನು ನೋಡಿ. ಎಳೆಯದರ ಅಂಚು ನೇರಳೆ. ಆಮೇಲೆ ಮಾಣಿಕ್ಯದ ಕೆಂಪು, ಇಟ್ಟಿಗೆ ಬಣ್ಣ, ಕೊನೆಗೆ ಕಂದು. ಈ ಲೆಕ್ಕ ಕ್ಯಾಬರ್ನೆ ಸೋವಿನ್ಯೋನ್, ಮೆರ್ಲೋ ದ್ರಾಕ್ಷಿ ಇರುವ ಬೋರ್ಡೋಗೆ ಚೆನ್ನಾಗಿ ಒಪ್ಪುತ್ತದೆ. ಇಟಲಿಯ ಬರೋಲೋಗೆ ಒಪ್ಪುವುದಿಲ್ಲ. ಅದರ ನೆಬ್ಬಿಯೋಲೋ ದ್ರಾಕ್ಷಿಗೆ ಬಣ್ಣವೇ ಕಡಿಮೆ. ಕಾನೂನಿನ ಪ್ರಕಾರ ಬರೋಲೋವನ್ನು ಕನಿಷ್ಠ 38 ತಿಂಗಳು ಇಟ್ಟು ಆಮೇಲೇ ಮಾರಬೇಕು. ಮಾರುಕಟ್ಟೆಗೆ ಬರುವಾಗಲೇ ಅಂಚು ಕಿತ್ತಳೆಗೆ ತಿರುಗಿರುತ್ತದೆ. ನೋಡಿದರೆ ಅಜ್ಜ, ಬಾಯಿಗಿಟ್ಟರೆ ಹುಡುಗ. ಫ್ರಾನ್ಸಿನದೇ ಬರ್ಗಂಡಿಯ ಪಿನೋ ನ್ವಾರ್ ದ್ರಾಕ್ಷಿಯ ವೈನ್ ಕೂಡ ಹುಟ್ಟಾ ತೆಳು ಬಣ್ಣದ್ದೇ.

ಕಣ್ಣು ಮೂಗನ್ನೇ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಬೋರ್ಡೋದಲ್ಲೇ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿನ ಪದಗಳಲ್ಲೇ ವರ್ಣಿಸಿದರು. ಹಾಗಾಗಿ ಇಟ್ಟಿಗೆ ಬಣ್ಣ ಕಂಡಕೂಡಲೇ ತಲೆಯಲ್ಲಿ ಚರ್ಮ, ತಂಬಾಕು ಅಂತ ಪದಗಳು ಸಾಲುಗಟ್ಟಿದರೆ ಸ್ವಲ್ಪ ತಡೆಯಿರಿ. ಅವು ಗ್ಲಾಸಿನಿಂದ ಬಂದವೋ ಕಣ್ಣಿನಿಂದ ಬಂದವೋ ನೋಡಿಕೊಳ್ಳಿ.

ಮೂಗಿನ ಕೆಲಸ ದೊಡ್ಡದು. ಗ್ಲಾಸನ್ನು ತಿರುಗಿಸುವ ಮೊದಲು ಒಂದು ಸಲ ಮೂಸಿ. ತೀರಾ ಹಗುರಾದ ಪರಿಮಳಗಳು ಆಗಲೇ ಸಿಗುವುದು. ಎಳೆಯ ಬೋರ್ಡೋದಲ್ಲಿ ಬ್ಲ್ಯಾಕ್‌ಕರೆಂಟ್, ಪ್ಲಮ್ ಥರದ ಹಣ್ಣು ಮುಂದಿರುತ್ತದೆ. ಹೊಸ ಪೀಪಾಯಿಯಿಂದ ಬಂದ ವೆನಿಲ್ಲಾ, ಲವಂಗ, ಹೊಗೆ ಅದರ ಮೇಲೆ ಕೂತಿರುತ್ತವೆ. ಪೀಪಾಯಿ ಹಣ್ಣನ್ನು ಮುಚ್ಚಿಬಿಟ್ಟಿದೆಯೇ, ಅಥವಾ ಜೊತೆಯಲ್ಲಿ ನಡೆಯುತ್ತಿದೆಯೇ? ಎಳೆಯದರಲ್ಲಿ ನಾನು ನೋಡುವುದು ಇಷ್ಟೇ. ಹತ್ತು, ಹದಿನೈದು ವರ್ಷ ಕಳೆದರೆ ದೇವದಾರು ಮರ, ತಂಬಾಕು, ಚರ್ಮ ಶುರುವಾಗುತ್ತವೆ, ಹಣ್ಣೂ ಇನ್ನೂ ಇರುತ್ತದೆ. ಎರಡೂ ಒಟ್ಟಿಗಿರುವ ಈ ಹದ ಹೆಚ್ಚಿನವರಿಗೆ ಹಿಡಿಸುತ್ತದೆ. ನಿಮಗೆ 15 ವರ್ಷದ್ದು ಇಷ್ಟವಾಗಿದ್ದು ಅದಕ್ಕೇ, ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಇನ್ನೂ ಹಳೆಯದಾದರೆ ಒಣ ಎಲೆ, ಅಣಬೆ, ಒದ್ದೆ ಮಣ್ಣು. ಹಣ್ಣು ಉಳಿದಿದ್ದರೆ ಒಣಹಣ್ಣಾಗಿ. ಒಂದು ವಾಸನೆ ಮಾತ್ರ ವಯಸ್ಸಿಗೆ ಜಗ್ಗುವುದಿಲ್ಲ. ಕ್ಯಾಬರ್ನೆ ದ್ರಾಕ್ಷಿ ಸರಿಯಾಗಿ ಮಾಗದಿದ್ದಾಗ ಬರುವ ಹಸಿ ಕ್ಯಾಪ್ಸಿಕಂ ವಾಸನೆ. ಎಳೆಯದರಲ್ಲಿ ಇದ್ದರೆ ಮುಪ್ಪಿನಲ್ಲೂ ಇರುತ್ತದೆ.

ಹಾಗಾದರೆ ಹಳೆಯದು ಮಾಗಿದೆಯೋ ಮುಗಿದಿದೆಯೋ ಅಂತ ತಿಳಿಯುವುದು ಹೇಗೆ? ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಪುಟ ಇದೆ. ಮೂವತ್ತು ದಾಟಿದ ಒಂದು ಬಾಟಲಿ. ಮೊದಲ ಮೂಸಿಗೆ ವರ್ಷಗಟ್ಟಲೆ ಬಾಗಿಲು ತೆರೆಯದ ಬೀರುವಿನ ವಾಸನೆ. ‘ಮುಗಿದಿದೆ’ ಅಂತ ಬರೆದು ಗ್ಲಾಸನ್ನು ಪಕ್ಕಕ್ಕೆ ತಳ್ಳಿದೆ. ಚೆಲ್ಲಲು ಮನಸ್ಸಾಗದೆ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಎತ್ತಿಕೊಂಡೆ. ಬೀರುವಿನ ವಾಸನೆ ಹೋಗಿತ್ತು. ಒಣಗಿದ ಗುಲಾಬಿ ಪಕಳೆ, ಸಿಗಾರ್ ಡಬ್ಬಿ, ತಳದಲ್ಲೆಲ್ಲೋ ಒಂದಿಷ್ಟು ಚೆರ್ರಿ. ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದೆ. ಇನ್ನರ್ಧ ಗಂಟೆಗೆ ಅದೂ ಇಳಿದು ಬರೀ ಹುಳಿ ಉಳಿಯಿತು. ಆ ವೈನ್ ಬದುಕಿದ್ದದ್ದು ಅರ್ಧ ಗಂಟೆ, ಆದರೆ ಆ ಅರ್ಧ ಗಂಟೆ ಜೋರಾಗಿಯೇ ಬದುಕಿತ್ತು. ಅಂದಿನಿಂದ ಹಳೇ ವೈನಿನ ಬಗ್ಗೆ ಮೂರು ಸಲ ಬರೆಯದೆ ಮಾತಾಡುವುದಿಲ್ಲ: ಸುರಿದಾಗ, ಇಪ್ಪತ್ತು ನಿಮಿಷಕ್ಕೆ, ಒಂದು ಗಂಟೆಗೆ. ನಿಮ್ಮ ಪಕ್ಕದವರು ಒಳ್ಳೆಯ ನಿಮಿಷದಲ್ಲಿ ಗ್ಲಾಸ್ ಎತ್ತಿರಬಹುದು, ನೀವು ತಡವಾಗಿ. ಇಬ್ಬರೂ ಸರಿ ಇರಬಹುದು.

ಮುಗಿದ ವೈನ್ ಹೀಗಿರುವುದಿಲ್ಲ. ಗಾಳಿ ತಾಗಿದಷ್ಟೂ ಕೆಡುತ್ತಾ ಹೋಗುತ್ತದೆ. ಕೊಯ್ದಿಟ್ಟು ಕಂದಾದ ಸೇಬಿನ ವಾಸನೆ ಬಂದರೆ ಆಮ್ಲಜನಕ ಒಳಗೆ ಹೊಕ್ಕು ತನ್ನ ಕೆಲಸ ಮುಗಿಸಿದೆ. ವಿನೆಗರ್ ಅಥವಾ ನೇಲ್ ಪಾಲಿಶ್ ತೆಗೆಯುವ ದ್ರಾವಣದ ವಾಸನೆ ಮೂಗಿಗೆ ಹೊಡೆದರೆ ಅದೂ ಹೋದಂತೆಯೇ. ಆದರೆ ಚೂರೇ ಚೂರು ಇದ್ದರೆ ಹಳೆಯ ವೈನಿನಲ್ಲಿ ನಾನು ಸಹಿಸಿಕೊಳ್ಳುತ್ತೇನೆ, ಒಮ್ಮೊಮ್ಮೆ ಅದೇ ಪರಿಮಳವನ್ನು ಎತ್ತಿ ಕೊಡುತ್ತದೆ. ಬಾಯಲ್ಲಿ ನೋಡಬೇಕಾದದ್ದು ನಡುಭಾಗ. ಗುಟುಕಿನ ಮೊದಲು ಏನೋ ಇದೆ, ಕೊನೆಯಲ್ಲಿ ಹುಳಿ ಇದೆ, ನಡುವೆ ಟೊಳ್ಳು. ಇದು ಸತ್ತ ವೈನಿನ ಗುರುತು. ತೆಳ್ಳಗಿರುವುದು ಬೇರೆ, ಹಗುರಾಗಿರುವುದು ಬೇರೆ. ಹಗುರಾದದ್ದರಲ್ಲಿ ಸಕ್ಕರೆ ಇಲ್ಲದೆಯೂ ನಡುವೆ ಒಂದು ಸಿಹಿ ಸುಳಿಯುತ್ತದೆ, ಉಗುಳಿದ ಮೇಲೂ ಪರಿಮಳ ನಿಲ್ಲುತ್ತದೆ. ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮನಸ್ಸಿನಲ್ಲೇ ಎಣಿಸಿ. ಫ್ರೆಂಚರು ಇದಕ್ಕೆ ಒಂದು ಅಳತೆಯನ್ನೇ ಇಟ್ಟುಕೊಂಡಿದ್ದಾರೆ, ಕೋಡಲಿ ಅಂತ. ಒಂದು ಕೋಡಲಿ ಅಂದರೆ ಒಂದು ಸೆಕೆಂಡು. ಆದರೆ ಹುಳಿಯನ್ನೂ ಒಗರನ್ನೂ ಸೇರಿಸಿ ಎಣಿಸಬೇಡಿ. ಪರಿಮಳ ನಿಂತ ಕ್ಷಣ ಎಣಿಕೆ ನಿಲ್ಲಬೇಕು.

ತಪ್ಪು ವೈನಿನದ್ದಲ್ಲದೆ ಬಿರಡೆಯದ್ದೂ ಇರಬಹುದು. ಕಾರ್ಕಿನಲ್ಲಿ ಟಿಸಿಎ ಎಂಬ ರಾಸಾಯನಿಕ ಇದ್ದರೆ ವೈನಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಸಾಕು. ಮೋಸ ಇರುವುದು ಇನ್ನೂ ಕಡಿಮೆ ಇದ್ದಾಗ. ಆಗ ರಟ್ಟಿನ ವಾಸನೆ ಗೊತ್ತಾಗುವುದಿಲ್ಲ, ಹಣ್ಣು ಮಾತ್ರ ಮಂಕಾಗುತ್ತದೆ. ಮೂವತ್ತೈದು ವರ್ಷ ಕಾಯ್ದು ತೆರೆದ ಬಾಟಲಿ ಹೀಗಾದರೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಹುಟ್ಟಿದ ಮಾತೇನೋ ಅನ್ನಿಸುತ್ತದೆ. ಮಂಕು ವಯಸ್ಸಿನದ್ದೋ ಟಿಸಿಎಯದ್ದೋ ತಿಳಿಯಲು ಗಾಳಿಗೆ ಬಿಡಿ. ಟಿಸಿಎ ಗಾಳಿಗೆ ಹೋಗುವುದಿಲ್ಲ, ಹೊತ್ತು ಕಳೆದಂತೆ ಎದ್ದು ಕಾಣುತ್ತದೆ. ಬೀರುವಿನ ವಾಸನೆ ಹೋಗುತ್ತದೆ.

ಹಾಗೆಯೇ ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳೂ ಮೂವತ್ತು ವರ್ಷದ ನಂತರ ಒಂದೇ ಥರ ಇರುವುದಿಲ್ಲ. ಕಾರ್ಕು ಒಂದರಂತೆ ಒಂದಿಲ್ಲ. ಇಟ್ಟ ಜಾಗ 12–13 ಡಿಗ್ರಿ ಸೆಲ್ಸಿಯಸ್ ಇತ್ತೋ, ಬೇಸಿಗೆಗೊಮ್ಮೆ ಕಾದಿತ್ತೋ, ಅದೂ ಲೆಕ್ಕಕ್ಕೆ ಬರುತ್ತದೆ. ತೆರೆಯುವ ಮೊದಲು ಬಾಟಲಿಯಲ್ಲಿ ವೈನ್ ಎಲ್ಲಿಯವರೆಗೆ ಇದೆ ನೋಡಿ. 35 ವರ್ಷಕ್ಕೆ ಕತ್ತಿನ ಬುಡ ಅಥವಾ ಭುಜದ ಮೇಲ್ತುದಿಯವರೆಗೆ ಇದ್ದರೆ ಚಿಂತೆಯಿಲ್ಲ. ಭುಜದ ನಡುವಿಗೆ ಇಳಿದಿದ್ದರೆ ಆ ಖಾಲಿ ಜಾಗದಲ್ಲಿರುವುದು ಗಾಳಿ. ಆದ್ದರಿಂದ ನೀವು ತೀರ್ಪು ಕೊಟ್ಟದ್ದು ಆ ವರ್ಷದ ವೈನಿನ ಬಗ್ಗೆ ಅಲ್ಲ, ಆ ಒಂದು ಬಾಟಲಿಯ ಬಗ್ಗೆ. ಟಿಪ್ಪಣಿಯಲ್ಲಿ ಹಾಗೇ ಬರೆದುಕೊಳ್ಳಿ.

ತಯಾರಿ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹಳೇ ಬಾಟಲಿಯನ್ನು ಒಂದೆರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಕೂರಲಿ. ಕುಡಿಯುವ ಹೊತ್ತಿಗೆ ಸರಿಯಾಗಿ, ಕತ್ತಿನ ಹಿಂದೆ ಟಾರ್ಚ್ ಹಿಡಿದು, ನಿಧಾನಕ್ಕೆ ಬೇರೆ ಪಾತ್ರೆಗೆ ಬಗ್ಗಿಸಿ. ಗಸಿ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ. ಗಸಿ ಕಲಕಿದ ವೈನ್ ಕಹಿ, ಮಬ್ಬು. ಎಂಥ ಹೆಸರುವಾಸಿ ವರ್ಷದ ವೈನೂ ಆಗ ಉಳಿಯುವುದಿಲ್ಲ. ಎಳೆಯದನ್ನು ಮಾತ್ರ ಎರಡು ಮೂರು ಗಂಟೆ ಮೊದಲೇ ಬಗ್ಗಿಸಿಡಬಹುದು. 16ರಿಂದ 18 ಡಿಗ್ರಿ ಸಾಕು. 20 ದಾಟಿದರೆ ಆಲ್ಕೋಹಾಲ್ ಮೂಗಿಗೆ ಮೊದಲು ಬರುತ್ತದೆ. ತೀರಾ ತಣ್ಣಗಾದರೆ ಒಗರು ಕಟುವಾಗುತ್ತದೆ.

ಇನ್ನು ಪಕ್ಕದವರ ಹೊಗಳಿಕೆ. ಲೇಬಲ್ ಮೇಲಿನ ವರ್ಷ ಕಾಣುತ್ತಿತ್ತು ಅಲ್ವಾ? ವಯಸ್ಸು ಕಂಡಾಗ ಮರ್ಯಾದೆ ತಾನಾಗಿ ಬರುತ್ತದೆ, ಮನುಷ್ಯರ ವಿಷಯದಲ್ಲಿ ಆದ ಹಾಗೇ. ತೀರ್ಪುಗಾರರೂ ಇದಕ್ಕೆ ಹೊರತಲ್ಲ. ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ವೈನ್ ತಯಾರಕ ರಾಬರ್ಟ್ ಹಾಡ್ಜ್‌ಸನ್ ಒಂದೇ ಬಾಟಲಿಯ ವೈನನ್ನು ಗುಟ್ಟಾಗಿ ಮೂರು ಸಲ ತೀರ್ಪುಗಾರರ ಮುಂದಿಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಸುಮಾರು ಶೇ. 10ರಷ್ಟು ಮಾತ್ರ. ನಾನೂ ಆ 10ರಲ್ಲಿ ಇರುತ್ತೇನೆ ಅಂತ ಎದೆ ತಟ್ಟಿ ಹೇಳಲಾರೆ. ಹಾಗಾಗಿ 100ಕ್ಕೆ 93, 94 ಅನ್ನುವ ಅಂಕಗಳನ್ನು ನಾನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಮುಂದಿನ ಸಲ ಬಾಟಲಿಗಳಿಗೆ ಕಾಗದ ಸುತ್ತಿ, ನಂಬರ್ ಬರೆದು ಇಡಿ. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು.

ಎಳೆಯ ವೈನ್ ನೋಡಿ ಮುಪ್ಪನ್ನು ಊಹಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ 1976ರ ಪ್ಯಾರಿಸ್ ವೈನ್ ಪಂದ್ಯವನ್ನು ನೆನೆಯಬೇಕು. ಪ್ಯಾರಿಸ್ಸಿನಲ್ಲಿ ವೈನ್ ಅಂಗಡಿ ಇಟ್ಟಿದ್ದ ಇಂಗ್ಲಿಷಿನವ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ್ದು. ಫ್ರೆಂಚ್ ತೀರ್ಪುಗಾರರು ಲೇಬಲ್ ನೋಡದೆ ಕ್ಯಾಲಿಫೋರ್ನಿಯಾದ 1973ರ ಸ್ಟ್ಯಾಗ್ಸ್ ಲೀಪ್ ವೈನಿಗೆ ಮೊದಲ ಸ್ಥಾನ ಕೊಟ್ಟರು. ಬೋರ್ಡೋದ ಮೂಟೋನ್ ತೋಟದ 1970ರ ವೈನ್ ಎರಡನೆಯದಾಯಿತು. ಸರಿ, ಈಗ ಗೆದ್ದಿರಬಹುದು, ಆದರೆ ಇವು ಬಾಳುವುದಿಲ್ಲ, ಬೋರ್ಡೋ ಬಾಳುತ್ತದೆ ಅಂತ ಆಗ ವಾದ ಎದ್ದಿತು. 30 ವರ್ಷ ಬಿಟ್ಟು 2006ರಲ್ಲಿ ಅವೇ ವೈನ್‌ಗಳನ್ನು ಲಂಡನ್ ಮತ್ತು ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಮತ್ತೆ ತೆರೆದರು. ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ್ದೇ, 1971ರ ರಿಜ್ ಮಾಂಟೆ ಬೆಲ್ಲೋ. 1976ರಲ್ಲಿ ಅದು ಐದನೆಯದಾಗಿತ್ತು.

ಉಳಿದದ್ದು ನಿಮ್ಮ 9 ವರ್ಷದ ಬಾಟಲಿ. ಇದಕ್ಕೆ ವೈನ್ ಮಂದಿ ಮುಚ್ಚಿಕೊಂಡಿದೆ ಅನ್ನುತ್ತಾರೆ. ಎಳೆತನದ ಹಣ್ಣು ಹಿಂದೆ ಸರಿದಿರುತ್ತದೆ, ಮಾಗಿದ ಪರಿಮಳ ಇನ್ನೂ ಬಂದಿರುವುದಿಲ್ಲ. ಎಲ್ಲ ವೈನೂ ಹೀಗೆ ಮಾಡುವುದಿಲ್ಲ, ಎಷ್ಟು ವರ್ಷ ಹೀಗಿರುತ್ತದೆ ಅನ್ನುವುದಕ್ಕೂ ನಿಯಮ ಇಲ್ಲ. ಮೂಗು ಏನೂ ಹೇಳದಿದ್ದಾಗ ಬಾಯನ್ನೇ ನಂಬಬೇಕು. ಪರಿಮಳ ಇಲ್ಲದಿದ್ದರೂ ಬಾಯಿ ತುಂಬಿತ್ತಾ? ನಡುವೆ ಗಟ್ಟಿ ಇತ್ತಾ? ಉಗುಳಿದ ಮೇಲೆ ರುಚಿ ನಿಂತಿತ್ತಾ? ಹೌದು ಅನ್ನುವುದಾದರೆ, ಗೆಳೆಯರ ಹತ್ತಿರ ಅದರದ್ದೇ ಇನ್ನೊಂದು ಬಾಟಲಿ ಇದ್ದರೆ, ಇನ್ನು ಆರು ವರ್ಷ ಅದನ್ನು ಮುಟ್ಟಬೇಡಿ ಅಂತ ಹೇಳಿ.